ಕೊಳೆರೋಗದ ಟಿಪ್ಪಣಿ ಸ್ಲೈಡ್ ಆದದ್ದು ಹೀಗೆ

ತೀರ್ಥಹಳ್ಳಿ ಕಡೆಯ ನಮ್ಮೂರಿನ ಬೆಳೆಗಾರರ ಸಭೆಗೆ ಅಡಿಕೆ ಕೊಳೆರೋಗದ ಬಗ್ಗೆ ಸ್ಲೈಡ್ ಬೇಕಿತ್ತು. ಭಾವ ಹಿಂದೆಯೇ ಟೈಪ್ ಮಾಡಿಸಿಟ್ಟ ಒಳ್ಳೆ ಟಿಪ್ಪಣಿ ಇತ್ತು. ಎಐಗೆ ಕೊಟ್ಟರೆ ಆಯ್ತು, ಅಲ್ವಾ? ಬಂದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಕಾರಣ ಫಾಂಟ್. ಕಡತ ಇದ್ದದ್ದು ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆ ಆಸ್ಕಿ ಫಾಂಟಿನಲ್ಲಿ. ಅಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಕೋಡ್. ಎಐ ಓದುವುದು ಆ ಕೋಡನ್ನೇ. ಯೂನಿಕೋಡ್ ಆದರೆ ಒಳಗಿನ ಕೋಡೂ ಕನ್ನಡದ್ದೇ. ಯೂನಿಕೋಡ್‌ಗೆ ಬದಲಿಸುವ ಉಚಿತ ಕನ್ವರ್ಟರ್‌ಗೆ ಹಾಕಿದೆ, ಸರಿಹೋಯ್ತು. ಅರ್ಕಾವತ್ತು, ಅಂಕಿಗಳ ಮೇಲೆ ಮಾತ್ರ ಒಮ್ಮೆ ಕಣ್ಣಾಡಿಸಿ.

ಆಮೇಲೆ ಇನ್ನೊಂದು ತಲೆನೋವು. ಎಐಗೆ ಚುಟುಕು ಮಾಡುವ ಚಟ ಜಾಸ್ತಿ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಸ್ಲೈಡಿನಲ್ಲಿ 'ಮೈಲುತುತ್ತ, ಸುಣ್ಣ ಬೆರೆಸಿ ಸಿಂಪಡಿಸಿ' ಎಂದಷ್ಟೇ ಉಳಿಸಿತ್ತು. ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟು: ಶೇ. 1ರ ದ್ರಾವಣಕ್ಕೆ 1 ಕೆಜಿ ತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಆಗಬಾರದು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಹಾಕಬೇಕು. ಇದೆಲ್ಲ ಮಾಯ! ಇದಿಲ್ಲದ ಸ್ಲೈಡ್ ಯಾರಿಗೆ ಬೇಕು?

ಟಿಪ್ಪಣಿಯನ್ನು ತುಂಡು ಮಾಡಿ, ತುಂಡಿಗೊಂದು ತಲೆಬರಹ ಕೊಟ್ಟೆ. 'ಒಂದು ತುಂಡಿಗೆ ಒಂದೇ ಸ್ಲೈಡ್. ಅಳತೆ, ಕ್ರಮ ಇದ್ದ ಹಾಗೇ ಇರಲಿ. ಹೊಸದೇನೂ ಸೇರಿಸಬೇಡ' ಎಂದು ಬರೆದೆ. ಈ ಸಲ ಸರಿಯಾಗಿ ಬಂತು. ಬೇರೆ ಲ್ಯಾಪ್‌ಟಾಪ್‌ನಲ್ಲಿ ಒತ್ತಕ್ಷರ ಒಡೆಯದಿರಲಿ ಎಂದು ಪಿಡಿಎಫ್ ಮಾಡಿಟ್ಟೆ. ಎಐ ಸುಮ್ನೆ ಅಂಟಿಸಿದ್ದ ತೆಂಗಿನ ಮರದ ಚಿತ್ರ ತೆಗೆದು, ನಮ್ಮ ತೋಟದಲ್ಲಿ ಕೊಟ್ಟೆ (ಮಳೆ ತಾಗದಂತೆ ಹೊದಿಸುವ ಹೊದಿಕೆ) ಕಟ್ಟಿದ ಅಡಿಕೆ ಗೊನೆಯ ಫೋಟೋ ಹಾಕಿದೆ.