ಶುಗರ್ ಇದ್ದವರಿಗೆ ಪದೇ ಪದೇ ಮೂತ್ರ: ಪ್ರಾಸ್ಟೇಟನ್ನು ದೂರುವ ಮುನ್ನ ಅಳೆದು ನೋಡಿ

ಐವತ್ತು ದಾಟಿದ, ಶುಗರ್ ಇರುವ ಗಂಡಸು ರಾತ್ರಿ ಮೂರ್ನಾಲ್ಕು ಸಲ ಎದ್ದರೆ ಎಲ್ಲರೂ ಪ್ರಾಸ್ಟೇಟ್ (ಮೂತ್ರಚೀಲದ ಕೆಳಗಿರುವ, ವಯಸ್ಸಾದಂತೆ ಬೆಳೆಯುವ ಗ್ರಂಥಿ) ಕಡೆಗೇ ಬೆರಳು ತೋರಿಸುತ್ತಾರೆ. ಸಕ್ಕರೆಯೂ ಕಾರಣವಿರಬಹುದು. ಯಾವುದೆಂಬ ಸುಳಿವಿಗೆ ಗೆರೆ ಹಾಕಿದ 500 ಮಿ.ಲೀ. ಪ್ಲಾಸ್ಟಿಕ್ ಜಗ್, ಒಂದು ನೋಟ್‌ಬುಕ್ ಸಾಕು.

ಮೂರು ದಿನ ಹಗಲೂ ರಾತ್ರಿ ಪ್ರತಿ ಸಲದ ಸಮಯ, ಅಳತೆ ಬರೆಯಿರಿ. ಕುಡಿದ ನೀರು, ಕಾಫಿ, ಮಜ್ಜಿಗೆಯನ್ನೂ. ಮಲಗುವ ಮುಂಚಿನದು ಹಗಲಿನ ಲೆಕ್ಕ, ಬೆಳಿಗ್ಗೆ ಎದ್ದಾಗಿನ ಮೊದಲನೆಯದು ರಾತ್ರಿಯದು. ಹೆಚ್ಚಿನವರು ಎಡವುವುದು ಇಲ್ಲೇ.

ದಿನದ ಮೊತ್ತ ದೇಹತೂಕದ ಕಿಲೋಗೆ 40 ಮಿ.ಲೀ. ಮೀರಿದರೆ, ಅಂದರೆ 70 ಕಿಲೋ ಇರುವವರಿಗೆ 2.8 ಲೀಟರ್, ಮೊದಲು ಶುಗರ್ ನೋಡಿಸಿ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಅದು ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳ ಕೆಲಸವೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದು. ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಪಟ್ಟಿ ತೋರಿಸಿ. ಒಟ್ಟು ಮೊತ್ತ ಸರಿಯಿದ್ದು ರಾತ್ರಿಯ ಪಾಲೇ ಮೂರನೇ ಒಂದಕ್ಕಿಂತ ಹೆಚ್ಚಿದ್ದರೆ ಕಾಲಿನ ಊತ, ಗೊರಕೆ, ಸಂಜೆಯ ನಂತರ ಕುಡಿಯುವುದು, ಇವನ್ನು ಗಮನಿಸಿ.

ಪ್ರತಿ ಸಲ 100–150 ಮಿ.ಲೀ. ಮಾತ್ರ, ಧಾರೆ ಸಣ್ಣ, ಶುರುವಾಗಲು ಕಾಯಬೇಕು ಎಂದಾದರೆ ಪ್ರಾಸ್ಟೇಟ್ ಸಂಶಯ ಗಟ್ಟಿ. ಆದರೂ ಹಳೆಯ ಶುಗರ್‌ನಿಂದ ನರ ಸೋತು ಮೂತ್ರಚೀಲ ತುಂಬಿದ್ದೇ ತಿಳಿಯದಿದ್ದರೂ ಧಾರೆ ಹೀಗೆಯೇ ಸೋಲುತ್ತದೆ. ಮೂತ್ರ ಹೋದ ಮೇಲೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್‌ನಲ್ಲಿ ನೋಡಿಸಿ. ಚೀಲದ ಸ್ನಾಯುವೇ ಸೋತಿದ್ದರೆ ಪ್ರಾಸ್ಟೇಟ್ ಆಪರೇಷನ್ ಆದರೂ ಧಾರೆ ಸುಧಾರಿಸದೇ ಇರಬಹುದು.

ಶುಗರ್, ಪ್ರಾಸ್ಟೇಟ್ ತೊಂದರೆ ಎರಡೂ ಜೊತೆಯಾಗಿ ಬರುವುದಕ್ಕೆ ಹೊಟ್ಟೆಯ ಬೊಜ್ಜಿನ ನಂಟಿದೆ. ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗೆರೆ 90 ಸೆಂ.ಮೀ. ಬೊಜ್ಜು ಹೆಚ್ಚಿದಂತೆ ಇನ್ಸುಲಿನ್ ನಾಟದೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಇದು ಗ್ರಂಥಿಯ ಬೆಳವಣಿಗೆಗೆ ಇಂಬು ಕೊಡುತ್ತದೆ ಎಂಬುದು ತಜ್ಞರ ವಿವರಣೆ. ಸೊಂಟ ಇಳಿದರೆ ಬೆಳೆದ ಗ್ರಂಥಿ ಕುಗ್ಗುತ್ತದೆಂದು ಎಣಿಸಬೇಡಿ. ಆದರೆ ಏರಿದ್ದ ಸಕ್ಕರೆ ಹತೋಟಿಗೆ ಬಂದರೆ ಮೂತ್ರದ ಪ್ರಮಾಣ ಇಳಿಯುತ್ತದೆ.

ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರು ರಾತ್ರಿ ಎದ್ದಾಗ ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂರಿ. ಈ ಔಷಧದಿಂದ, ಅದರಲ್ಲೂ ಶುಗರ್‌ನಿಂದ ನರ ಸೋತವರಿಗೆ, ಬಿಪಿ ತಟ್ಟನೆ ಇಳಿದು ತಲೆ ತಿರುಗಬಹುದು. ಪ್ರಾಸ್ಟೇಟ್‌ನ ಇನ್ನೊಂದು ಮಾತ್ರೆ ಫಿನಾಸ್ಟರೈಡ್ ಆರು ತಿಂಗಳಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗೆ ನೋಡುವ ರಕ್ತಪರೀಕ್ಷೆ) ಅಂಕಿಯನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಪರೀಕ್ಷೆಗೆ ಹೋದಾಗ ಹೇಳದಿದ್ದರೆ ರಿಪೋರ್ಟ್ ದಾರಿ ತಪ್ಪಿಸುತ್ತದೆ. ಮೆಡಿಕಲ್ ಶಾಪಿನ ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್ ಅಥವಾ ಸ್ಯೂಡೋಎಫೆಡ್ರಿನ್ ಇದ್ದರೆ ಬೇಡ, ಮೂತ್ರ ಪೂರ್ತಿ ಕಟ್ಟಬಹುದು. ಹಾಗೆ ಕಟ್ಟಿ ಕಿಬ್ಬೊಟ್ಟೆ ಬಿಗಿದು ನೋಯುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ; ಆಸ್ಪತ್ರೆಗೆ ಹೋಗಿ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿಸಿಕೊಳ್ಳಿ.