ಶಾಕ್ ಹೋಗಿರಲಿಲ್ಲ, ಮೆಟ್ಟಿಲು ತಪ್ಪಿತ್ತು

ಮಂಡ್ಯದಿಂದ ಮೈಸೂರಿಗೆ ಒಬ್ಬನೇ ಹೋದರೆ ಬೈಕು ಬೆಣ್ಣೆ. ಹಿಂದೆ ನಮ್ಮನೆಯವರು ಕೂತರೋ, ಹಂಪಿಗೊಂದು ‘ಢಬ್’! ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಮರದ ಕೊಂಬೆ ತೋರಿಸೋದು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬೈಕು ಬಿಡಲ್ಲವಲ್ಲ, ಸರ್ವಿಸ್ ರಸ್ತೆಯ ಹಂಪುಗಳೇ ನಮ್ಮ ಹಣೆಬರಹ. ಹಿಂದಿನ ಚಕ್ರದ ಕುಲುಕು ತಡೆಯೋ ಶಾಕ್ ಅಬ್ಸಾರ್ಬರ್ ನೋಡಿ ಮೆಕ್ಯಾನಿಕ್ಕು ‘ಶಾಕ್ ಹೋಗಿದೆ, ಜೋಡಿ ಬದಲಾಯಿಸಿ’ ಅಂದ. ಶಾಕಿನಿಂದ ಆಯಿಲ್ ಸೋರಿದ ಗುರುತೇ ಇಲ್ಲ, ನಂಬಿಕೆ ಬರಲಿಲ್ಲ.

ಬಗ್ಗಿ ನೋಡಿದರೆ ಸ್ಪ್ರಿಂಗಿನ ಬುಡದ ಮೆಟ್ಟಿಲು ಮೆಟ್ಟಿಲಾದ ಬಳೆ ಎರಡೂ ಕಡೆ ಒಂದನೇ ಮೆಟ್ಟಿಲಲ್ಲೇ ಕೂತಿತ್ತು. ಡಬಲ್ ಸ್ಟ್ಯಾಂಡ್ ಹಾಕಿ, ಕೆಸರು ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ತೆಗೆದು, ಟೂಲ್‌ಕಿಟ್ಟಿನ ಕೊಕ್ಕೆ ಸ್ಪ್ಯಾನರಿನಿಂದ ಬಳೆನ ನಾಲ್ಕನೇ ಮೆಟ್ಟಿಲಿಗೆ ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಿದೆ. ಎರಡೂ ಕಡೆ ಒಂದೇ ಮೆಟ್ಟಿಲಿರಬೇಕು. ಹಿಂದಿನ ಚಕ್ರಕ್ಕೆ ಗಾಳಿ, ಸ್ಟಿಕರಿನಲ್ಲಿರೋ ಜೋಡಿ ಸವಾರಿ ಲೆಕ್ಕಕ್ಕೆ.

ಢಬ್ ನಿಂತಿತು, ದೀಪ ರಸ್ತೆಗಿಳಿಯಿತು. ಖರ್ಚು ಅಂದರೆ ಸುಲಿದ ಬೆರಳಿನ ಗಂಟು ಅಷ್ಟೇ. ಒಬ್ಬನೇ ಹೋಗೋ ದಿನ ಎರಡಕ್ಕೆ ಇಳಿಸ್ತೀನಿ. ನಾಲ್ಕರಲ್ಲೇ ಬಿಟ್ಟರೆ ಸೊಂಟ ಬಯ್ಯುತ್ತೆ.