ಹೊಸ ಫೋನ್ ತಗೊಂಡ್ರಾ? ತೋಟದ ಮನೆಗೆ ಒಯ್ಯುವ ಮೊದಲು ಪೇಟೆಯಲ್ಲೇ ಅರ್ಧ ಕೆಲಸ ಮುಗಿಸಿ

ಹೊಸ ಫೋನ್ ಕೈಗೆ ಬಂದ ಕೂಡಲೇ ಎಲ್ಲರೂ ಅದನ್ನು ಸೀದಾ ಮನೆಗೆ ತಂದು, ಬಾಕ್ಸ್ ಬಿಚ್ಚಿ, ಸಿಮ್ ಹಾಕಿ ಕೂರುತ್ತಾರೆ. ಬೆಂಗಳೂರಿನಲ್ಲಿ ಇದು ಸರಿ. ಕೊಡಗಿನಲ್ಲಿ, ಅದರಲ್ಲೂ ತೋಟದೊಳಗಿನ ಮನೆಯಲ್ಲಿ, ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆ. ರೇಂಜ್ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ಓಟಿಪಿ ಬರುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಕರೆಂಟ್ ಹೋಯಿತು ಅಂದರೆ ವೈಫೈಯೂ ಇಲ್ಲ. ಅದಕ್ಕೇ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ: ದೊಡ್ಡ ಡೌನ್‌ಲೋಡ್, ಓಟಿಪಿ ಬೇಕಾಗುವ ಕೆಲಸ ಎಲ್ಲವನ್ನೂ ಪೇಟೆಯಲ್ಲೇ ಮುಗಿಸಿ. ಮನೆಯಲ್ಲಿ ಮಾಡುವ ಕೆಲಸ ಬೇರೆ ಇದೆ. ಫೋನನ್ನು ನಮ್ಮ ಮಳೆಗಾಲಕ್ಕೆ ತಯಾರು ಮಾಡಬೇಕು.

ಅಂಗಡಿಯಲ್ಲಿ ಇರುವಾಗಲೇ ಫೋನ್ ಆನ್ ಮಾಡಿಸಿ *#06# ಒತ್ತಿ. 15 ಅಂಕೆಯ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ನಂಬರ್, ಬರುತ್ತದೆ. ಎರಡು ಸಿಮ್ ಹಾಕುವ ಫೋನಾದರೆ ಎರಡು ನಂಬರ್. ಬಾಕ್ಸ್ ಮೇಲೆ, ಬಿಲ್ ಮೇಲೆ ಇರುವುದೂ ಅದೇ ಆಗಿರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ (KYM) ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಅದು ಯಾವ ಕಂಪನಿಯ ಯಾವ ಮಾಡೆಲ್ ಅನ್ನುವುದು ತಿರುಗಿ ಬರುತ್ತದೆ. ಬಂದ ಮಾಡೆಲ್ ಕೈಯಲ್ಲಿರುವ ಫೋನಿಗೆ ಹೊಂದದಿದ್ದರೆ ತಗೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಆದರೆ ಇದನ್ನು ನೋಡದೆ ದುಡ್ಡು ಕೊಡಲೇಬೇಡಿ. ಬಿಲ್ಲಿನ ಒಂದು ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿಡಿ. ನಾಳೆ ಫೋನ್ ಬಸ್ಸಿನಲ್ಲಿ ಕಳೆದುಹೋದರೆ ಪೊಲೀಸ್ ದೂರು ಕೊಟ್ಟು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಬ್ಲಾಕ್ ಮಾಡಿಸಲು ಆ ನಂಬರೇ ಬೇಕು. ಹಾಗೇ ಬಾಕ್ಸಿನಲ್ಲಿ ಚಾರ್ಜರ್ ಇದೆಯಾ ನೋಡಿ. ಈಗ ಎಷ್ಟೋ ಫೋನಿಗೆ ಬರೀ ಕೇಬಲ್ ಕೊಡುತ್ತಾರೆ.

ಸಿಮ್ ವಿಷಯ. ಮನೆ ಹತ್ತಿರ ಯಾವ ಟವರ್ ಸಿಗುತ್ತದೋ ಅದೇ ಸಿಮ್, ಆಫರ್ ನೋಡಿ ಅಲ್ಲ. ನಮ್ಮಲ್ಲಿ ಒಳಗೊಳಗಿನ ಎಷ್ಟೋ ಊರಿಗೆ ಈಗಲೂ ಬಿಎಸ್ಸೆನ್ನೆಲ್ಲೇ ಗತಿ. ಅವರ 4ಜಿ ದೇಶದಾದ್ಯಂತ ಅಧಿಕೃತವಾಗಿ ಶುರುವಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ನಿಮ್ಮ ಹತ್ತಿರ ಇರುವುದು ಹಳೆಯ 2ಜಿ, 3ಜಿ ಕಾಲದ ಸಿಮ್ ಆದರೆ ಹೊಸ ಫೋನಿಗೆ ಹಾಕಿದರೂ 4ಜಿ ಬರುವುದಿಲ್ಲ, ಕಸ್ಟಮರ್ ಕೇರ್‌ಗೆ ಹೋಗಿ ಬದಲಿಸಿಕೊಳ್ಳಿ. ಎರಡು ಸಿಮ್ ಜಾಗ ಇರುವ ಫೋನಿನಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಹಾಕುವುದೇ ಒಳ್ಳೆಯದು. ಒಂದರ ಟವರ್ ಡೀಸೆಲ್ ಮುಗಿದು ನಿಂತರೆ ಇನ್ನೊಂದಾದರೂ ಇರುತ್ತದೆ, ಅಲ್ವಾ?

ಈಗ ಒಳ್ಳೆಯ ವೈಫೈ ಇರುವ ಕಡೆ ಕುಳಿತುಕೊಳ್ಳಿ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ನೆಂಟರ ಮನೆ ಇದ್ದೇ ಇರುತ್ತದೆ. ಹಳೆಯ ಫೋನನ್ನೂ ಫುಲ್ ಚಾರ್ಜ್ ಮಾಡಿ ಜೊತೆಗೆ ಒಯ್ಯಿರಿ, ಅದಿಲ್ಲದೆ ಹೋಗಬೇಡಿ. ಹೊಸ ಫೋನ್ ಮೊದಲು ಭಾಷೆ ಕೇಳುತ್ತದೆ, ಕನ್ನಡವನ್ನೇ ಆರಿಸಬಹುದು. ಆಮೇಲೆ ವೈಫೈ, ಆಮೇಲೆ ಹಳೆಯ ಫೋನಿನಿಂದ ಕಾಪಿ ಮಾಡಲಾ ಅಂತ ಕೇಳುತ್ತದೆ. ಇಲ್ಲಿ ಸ್ಕಿಪ್ ಒತ್ತಬೇಡಿ. ಎರಡು ಫೋನಿನ ನಡುವೆ ಕೇಬಲ್ ಹಾಕಿದರೆ ಬೇಗ ಆಗುತ್ತದೆ, ಇಲ್ಲದಿದ್ದರೆ ವೈರ್ ಇಲ್ಲದೆಯೂ ಆಗುತ್ತದೆ, ಸ್ವಲ್ಪ ತಡ. ಗೂಗಲ್ ಅಕೌಂಟ್ ಹಳೆಯದನ್ನೇ ಹಾಕಿ. ಪಾಸ್‌ವರ್ಡ್ ಮರೆತಿದೆ ಅಂತ ಹೊಸ ಜಿಮೇಲ್ ಮಾಡಿಕೊಂಡರೆ ಹಳೆಯ ನಂಬರ್, ಫೋಟೋ ಎಲ್ಲ ಹಳೆಯ ಅಕೌಂಟಿನಲ್ಲೇ ಉಳಿಯುತ್ತವೆ. ತೊಂದರೆ ಆದರೂ ಪಾಸ್‌ವರ್ಡ್ ರಿಕವರ್ ಮಾಡಿ. ಹಳೆಯ ಫೋನ್ ಕೈಯಲ್ಲಿದ್ದರೆ ಅದು ಸುಲಭ.

ಇದಾದ ಮೇಲೆ ಸಿಸ್ಟಮ್ ಅಪ್‌ಡೇಟ್. ಹೊಸ ಫೋನಿಗೆ ಮೊದಲ ದಿನವೇ ಒಂದು ದೊಡ್ಡ ಅಪ್‌ಡೇಟ್ ಕಾದಿರುತ್ತದೆ, ಜಿಬಿಗಟ್ಟಲೆ ಇರಬಹುದು. ತೋಟದ ಮನೆಯ ಡೇಟಾದಲ್ಲಿ ಇದು ರಾತ್ರಿ ಇಡೀ ಆದರೂ ಮುಗಿಯದು. ಪೇಟೆಯಲ್ಲೇ ಮಾಡಿ, ರೀಸ್ಟಾರ್ಟ್ ಆಗುವ ತನಕ ಕಾಯಿರಿ.

ಕಾಂಟ್ಯಾಕ್ಟ್ಸ್ ಎಲ್ಲಿ ಸೇವ್ ಆಗುತ್ತಿವೆ ಅನ್ನುವುದನ್ನು ತುಂಬಾ ಜನ ನೋಡುವುದೇ ಇಲ್ಲ. ಕೆಲವು ಸಿಮ್‌ನಲ್ಲಿ, ಕೆಲವು ಫೋನಿನಲ್ಲಿ, ಕೆಲವು ಗೂಗಲ್‌ನಲ್ಲಿ ಚೆದುರಿ ಹೋಗಿರುತ್ತವೆ. ಕಾಂಟ್ಯಾಕ್ಟ್ಸ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಹೊಸ ನಂಬರ್‌ಗಳು ಗೂಗಲ್ ಅಕೌಂಟಿಗೇ ಹೋಗುವಂತೆ ಇಡಿ. ಫೋನ್ ಹಳ್ಳಕ್ಕೆ ಬಿದ್ದರೂ ನಂಬರ್ ಹೋಗುವುದಿಲ್ಲ. ಫೋಟೋಗೆ ಮಾತ್ರ ಒಂದು ಲೆಕ್ಕ ಇದೆ: ಗೂಗಲ್ ಸುಮ್ನೆ ಕೊಡುವುದು 15 ಜಿಬಿ, ಅದರಲ್ಲೇ ಮೇಲ್, ಫೋಟೋ, ವಾಟ್ಸಾಪ್ ಬ್ಯಾಕಪ್ ಎಲ್ಲ ಸೇರಬೇಕು. ಗುಡ್ ಮಾರ್ನಿಂಗ್ ಚಿತ್ರಗಳಿಂದ ಅದನ್ನು ತುಂಬಿಸಬೇಡಿ. ವಾಟ್ಸಾಪ್‌ಗೆ ಹಳೆಯ ಫೋನಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ಒತ್ತಿ, ಹೊಸ ಫೋನಿನಲ್ಲಿ ಬರುವ ಕ್ಯೂಆರ್ ಅನ್ನು ಹಳೆಯ ಫೋನಿನಿಂದ ಸ್ಕ್ಯಾನ್ ಮಾಡಿದರೆ ಹಳೆಯ ಮಾತುಕತೆ ಪೂರ್ತಿ ಬರುತ್ತದೆ. ಬಂದ ಮೇಲೆ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 6 ಅಂಕೆಯ ಪಿನ್ ಇಡಿ.

ಯುಪಿಐ ಆಪ್ ಹಾಕುವುದು ರೇಂಜ್ ಚೆನ್ನಾಗಿರುವ ಜಾಗದಲ್ಲೇ. ಅದು ಬ್ಯಾಂಕಿಗೆ ಲಿಂಕ್ ಆದ ಸಿಮ್‌ನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಸಿಗ್ನಲ್ ಇಲ್ಲದಿದ್ದರೆ, ರೀಚಾರ್ಜ್‌ನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ವಿಷಯ, ಹೊಸದಾಗಿ ಹಾಕಿದಾಗ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಜಾಸ್ತಿ ಕಳಿಸಲು ಬ್ಯಾಂಕ್ ಬಿಡುವುದಿಲ್ಲ. ಹಾಗಾಗಿ ಕೆಲಸದವರಿಗೆ ಬಟವಾಡೆ ಮಾಡುವ ದಿನ ಫೋನ್ ಬದಲಿಸಲೇಬೇಡಿ. ಎರಡು ದಿನ ಮೊದಲೇ ಮಾಡಿಕೊಳ್ಳಿ.

ಇಷ್ಟಾದ ಮೇಲೆ ಮನೆಗೆ ಬನ್ನಿ.

ಮನೆಯಲ್ಲಿ ಫೈಬರ್ ಕನೆಕ್ಷನ್ ಇದ್ದು ಮೊಬೈಲ್ ರೇಂಜ್ ಇಲ್ಲದಿದ್ದರೆ ನಿಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ವೈಫೈ ಕಾಲಿಂಗ್. ವಾಟ್ಸಾಪ್ ಕಾಲ್ ಅಲ್ಲ ಇದು. ನಿಮ್ಮ ಮಾಮೂಲಿ ನಂಬರಿನ ಮಾಮೂಲಿ ಕಾಲೇ ಟವರ್ ಬದಲು ವೈಫೈ ಮೇಲೆ ಹೋಗುತ್ತದೆ, ಬರುತ್ತದೆ. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ, ಬೇರೆ ದುಡ್ಡಿಲ್ಲ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ವೈಫೈ ಕಾಲಿಂಗ್ ಅಂತ ಹಾಕಿದರೆ ಸಿಗುತ್ತದೆ, ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಆನ್ ಮಾಡಬೇಕು. ನಿಜಕ್ಕೂ ಕೆಲಸ ಮಾಡುತ್ತಿದೆಯಾ ನೋಡಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಯಾರಿಗಾದರೂ ಕಾಲ್ ಮಾಡಿ. ರಿಂಗ್ ಆದರೆ ಆಯಿತು. ಇನ್ನು ಅಂಗಳದ ಮೂಲೆಗೆ ಹೋಗಿ, ಕೊಡೆ ಹಿಡಿದು ಮಾತಾಡಬೇಕಿಲ್ಲ. ಕರೆಂಟ್ ಹೋದರೂ ನಡೆಯಬೇಕಾದರೆ ರೌಟರ್‌ಗೆ ಅಂತಲೇ ಬರುವ ಚಿಕ್ಕ ಯುಪಿಎಸ್ ಹಾಕಿಸಿ. ಮನೆಗೆಲ್ಲ ದೊಡ್ಡ ಯುಪಿಎಸ್ ಇಲ್ಲದವರಿಗಂತೂ ಹೊಸ ಫೋನಿನ ಕವರ್‌ಗಿಂತ ಇದು ಮುಖ್ಯ ಅಂತ ನನ್ನ ಅಭಿಪ್ರಾಯ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ಹೊತ್ತಿಗೆ ಮಾತ್ರ ರೌಟರ್, ಚಾರ್ಜರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹೊಸ ಫೋನಿನ ಬ್ಯಾಟರಿ ಸಂಜೆಯೊಳಗೆ ಖಾಲಿ ಅಂತ ತುಂಬಾ ಜನ ಹೇಳುತ್ತಾರೆ. ಫೋನ್ ಕೆಟ್ಟದ್ದು ಅಂತ ಅಲ್ಲ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು, ಆಚೆ ಗುಡ್ಡದಲ್ಲಿರುವವರನ್ನು ನಾವು ಕೂಗಿ ಕರೆದ ಹಾಗೆ. 5ಜಿ ಇಲ್ಲದ ಊರಿನಲ್ಲಿ 5ಜಿ ಹುಡುಕುತ್ತಾ ಕೂತರೆ ಬ್ಯಾಟರಿ ಇನ್ನೂ ಬೇಗ ಇಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಮುಟ್ಟಿ, ಪ್ರಿಫರ್ಡ್ ನೆಟ್‌ವರ್ಕ್ ಟೈಪ್‌ನಲ್ಲಿ 4ಜಿ ಅಂತ ಇಟ್ಟುಬಿಡಿ. ಚಾರ್ಜ್ 80 ಪರ್ಸೆಂಟ್‌ಗೇ ನಿಲ್ಲಿಸುವ ಆಯ್ಕೆಯೂ ಈಗ ಬರುತ್ತದೆ, ಬ್ಯಾಟರಿಗೆ ಒಳ್ಳೆಯದು ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನು ಆಫ್ ಮಾಡಿ. ಕರೆಂಟ್ ಇರುವಾಗ ಪೂರ್ತಿ ತುಂಬಿಸಿಕೊಳ್ಳುವುದೇ ಇಲ್ಲಿ ಜಾಣತನ. ಪವರ್ ಬ್ಯಾಂಕ್ ತಗೊಳ್ಳುವಾಗ 10,000 ಎಂಎಎಚ್‌ದು 5,000 ಎಂಎಎಚ್ ಬ್ಯಾಟರಿಯ ಫೋನನ್ನು ಎರಡು ಸಲ ತುಂಬಿಸುತ್ತದೆ ಅಂತ ಲೆಕ್ಕ ಹಾಕಬೇಡಿ. ನಡುವೆ ನಷ್ಟವಾಗುವುದು ಕಳೆದರೆ ಒಂದೂಕಾಲು ಸಲ ಬಂದರೆ ಹೆಚ್ಚು. ಜೋರು ಮಳೆಯಲ್ಲಿ ಎರಡು ಮೂರು ದಿನ ಕರೆಂಟ್ ಬರದ ಜಾಗ ನಿಮ್ಮದಾದರೆ 20,000ದ್ದೇ ತಗೊಳ್ಳಿ.

ಬೆರಳಚ್ಚು. ತೋಟದ ಕೆಲಸ ಮಾಡುವವರ ಕೈಗೆ ಇದು ದೊಡ್ಡ ತಲೆನೋವು. ಕಾಫಿ ಕುಯ್ದು, ಮೆಣಸು ಬಿಡಿಸಿ ಹೆಬ್ಬೆರಳಿನ ಗೆರೆ ಸವೆದಿರುತ್ತದೆ, ಕಾಯಿಯ ಅಂಟು ಕಪ್ಪಗೆ ಕೂತಿರುತ್ತದೆ, ಮೇಲಿಂದ ಮಳೆಗೆ ಬೆರಳು ನೆನೆದು ಸುಕ್ಕುಗಟ್ಟಿರುತ್ತದೆ. ಫೋನ್ ಇದು ನಿಮ್ಮ ಬೆರಳೇ ಅಲ್ಲ ಅನ್ನುತ್ತದೆ. ಸ್ಕ್ರೀನ್ ಗಾರ್ಡ್ ಮೊದಲು ಹಾಕಿಸಿ, ಬೆರಳಚ್ಚು ಆಮೇಲೆ ಕೊಡಿ, ಯಾಕೆಂದರೆ ಸೆನ್ಸರ್ ಸ್ಕ್ರೀನಿನ ಒಳಗೇ ಇರುವ ಫೋನಿಗೆ ನಡುವೆ ಹೊಸ ಗಾಜು ಬಂದರೆ ಹಳೆಯ ಅಚ್ಚು ಸರಿಯಾಗಿ ಓದುವುದಿಲ್ಲ. ಕೈ ತೊಳೆದು ಒರೆಸಿ, ಫೋನ್ ಒಪ್ಪಿದರೆ ಒಂದೇ ಹೆಬ್ಬೆರಳನ್ನು ಎರಡು ಸಲ ಬೇರೆ ಬೇರೆ ಹೆಸರಲ್ಲಿ ಸೇರಿಸಿ, ಒಂದು ಸಲ ನೇರ, ಒಂದು ಸಲ ಅಂಚುಗಳನ್ನು ಒತ್ತಿ. ಕೆಲಸಕ್ಕೆ ಜಾಸ್ತಿ ಬಳಸದ ಎಡಗೈ ಕಿರುಬೆರಳನ್ನೂ ಸೇರಿಸಿ, ಅದರ ಗೆರೆ ಚೆನ್ನಾಗಿ ಉಳಿದಿರುತ್ತದೆ. ಇದ್ಯಾವುದೂ ಆಗದಿದ್ದರೆ ಪಿನ್ ಸಾಕು. ಹುಟ್ಟಿದ ಇಸವಿ, 1234 ಬೇಡ.

ನೀರಿನ ವಿಷಯದಲ್ಲಿ ಐಪಿ68, ಅಂದರೆ ನೀರು, ಧೂಳು ತಡೆಯುತ್ತದೆ ಅನ್ನುವ ಗುರುತು, ಬರೆದಿದ್ದನ್ನು ಪೂರ್ತಿ ನಂಬಬೇಡಿ. ಅದು ಹೊಸ ಫೋನನ್ನು ಲ್ಯಾಬ್‌ನಲ್ಲಿ ಶುದ್ಧ ನೀರಿಗೆ ಹಾಕಿ ಕೊಟ್ಟ ಲೆಕ್ಕ. ಕೆಳಗೆ ಬಿದ್ದು ಏಟು ತಿಂದ ಫೋನಿಗೆ ಆ ಗ್ಯಾರಂಟಿ ಇರುವುದಿಲ್ಲ. ನೀರು ಹೋದರೆ ರಿಪೇರಿ ಸಾಮಾನ್ಯವಾಗಿ ನಿಮ್ಮ ಖರ್ಚೇ. ತೋಟಕ್ಕೆ ಹೋಗುವಾಗ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ನೆನೆದು ಬಂದ ಫೋನನ್ನು ಕೂಡಲೇ ಚಾರ್ಜ್‌ಗೆ ಹಾಕಬೇಡಿ, ಚಾರ್ಜಿಂಗ್ ಪಿನ್ ಹಾಳಾಗುವುದೇ ಹೀಗೆ. ತೂತು ಕೆಳಗಾಗುವಂತೆ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಅಕ್ಕಿ ಡಬ್ಬಿಗೆ ಹಾಕುವುದು ಬೇಡ. ಪುಡಿ ಒಳಗೆ ಹೋಗುತ್ತದೆ ಅಂತ ಆಪಲ್ ಕಂಪನಿಯೇ ಹೇಳಿದೆ. ಬಟ್ಟೆ ಒಣಗಿಸಿದ ಹಾಗೆ ಒಲೆ ಹತ್ತಿರವೂ ಬೇಡ, ಬಿಸಿಗೆ ಬ್ಯಾಟರಿ ಹಾಳಾಗುತ್ತದೆ.

ಮಳೆಗಾಲಕ್ಕೆ ಅಂತ ಇನ್ನೂ ನಾಲ್ಕು ಕೆಲಸ ಇದೆ, ದಯವಿಟ್ಟು ಇದನ್ನು ಮುಂದೂಡಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದು, ಮರುವರ್ಷ ತೋರದಲ್ಲಿ ಆದದ್ದು, 2020ರಲ್ಲಿ ತಲಕಾವೇರಿಯಲ್ಲಿ ಆದದ್ದು ನಾವು ಯಾರೂ ಮರೆತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಅಂತ ಹುಡುಕಿ ಎಲ್ಲವನ್ನೂ ಆನ್ ಇಡಿ. ಸರ್ಕಾರ ಎಚ್ಚರಿಕೆ ಕಳಿಸಿದರೆ ಇಂಟರ್‌ನೆಟ್ ಇಲ್ಲದಿದ್ದರೂ, ಬರೀ ಟವರ್ ಸಿಕ್ಕಿದರೂ ಫೋನ್ ಜೋರಾಗಿ ಕೂಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಫೋಟೋ ಮುಟ್ಟಿ ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ ಕೊಡಗಿನ ಜೊತೆಗೆ ಮೈಸೂರು, ಸುಳ್ಯ, ಮಂಗಳೂರು ಕಡೆಯದ್ದನ್ನೂ ಇಳಿಸಿಕೊಳ್ಳಿ. ಸಂಪಾಜೆ ಘಾಟಿಯಲ್ಲಿ, ಮಾಕುಟ್ಟದ ಕಾಡಿನಲ್ಲಿ ರೇಂಜ್ ಹೋದರೂ ಜಿಪಿಎಸ್ ಕೆಲಸ ಮಾಡುತ್ತದೆ, ದಾರಿ ತೋರಿಸುತ್ತದೆ. ಫೋನಿನ ಸೆಟ್ಟಿಂಗ್ಸ್‌ನ ಸೇಫ್ಟಿ ಅಂಡ್ ಎಮರ್ಜೆನ್ಸಿಯಲ್ಲಿ ರಕ್ತದ ಗುಂಪು, ಆಗದ ಔಷಧಿ, ಮನೆಯವರ ನಂಬರ್ ತುಂಬಿಸಿ, ಲಾಕ್ ತೆಗೆಯದೆಯೂ ಕಾಣುವಂತೆ ಇಡಿ. ನಂಬರ್‌ಗಳ ಪೈಕಿ ಎಮರ್ಜೆನ್ಸಿಗೆ 112, ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮ್ 1077, ಕರೆಂಟ್ ದೂರಿಗೆ 1912 ಸೇವ್ ಮಾಡಿ, ನಿಮ್ಮ ಊರಿನ ಲೈನ್‌ಮ್ಯಾನ್ ನಂಬರ್ ಕೂಡ. ನಿಮ್ಮ ಸಿಮ್‌ಗೆ ರೇಂಜ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರ ಇದ್ದರೆ 112ಕ್ಕೆ ಕಾಲ್ ಹೋಗಬಹುದು. ಪ್ರಯತ್ನಿಸದೆ ಬಿಡಬೇಡಿ.

ಫೋನ್ ಅಮ್ಮನಿಗೋ ಅಜ್ಜನಿಗೋ ಆದರೆ ಅಕ್ಷರ ದೊಡ್ಡದು ಮಾಡಿ, ಗೂಗಲ್‌ನ ಕೀಬೋರ್ಡ್ ಜೀಬೋರ್ಡ್‌ಗೆ ಕನ್ನಡ ಸೇರಿಸಿ, ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ ಅನ್ನುವುದನ್ನು ಪಕ್ಕದಲ್ಲಿ ಕೂತು ತೋರಿಸಿ. ಕೊಡವ ತಕ್ಕ್, ಅರೆಭಾಷೆ ಬರೆಯುವವರಿಗೂ ಅದೇ ಕೀಬೋರ್ಡ್ ಸಾಕು. ಅದರ ಜೊತೆಗೆ ಹೇಳಲೇಬೇಕಾದ ಮಾತು: ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಒತ್ತಿದರೆ ದುಡ್ಡು ಹೋಗುತ್ತದೆ. ಪೊಲೀಸ್ ಅಂತ ಹೇಳಿ ವಿಡಿಯೋ ಕಾಲ್‌ನಲ್ಲಿ ಅರೆಸ್ಟ್ ಮಾಡುತ್ತೇವೆ ಅಂದರೆ ಕಟ್ ಮಾಡಿ ಮಕ್ಕಳಿಗೆ ಫೋನ್ ಮಾಡಲಿ, ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿಬಿಟ್ಟರೆ ನಾಚಿಕೆಪಟ್ಟು ಕೂರದೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಹೇಳಬೇಕು. ಬೇಗ ಹೇಳಿದಷ್ಟೂ ಆ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಹಳೆಯ ಫೋನನ್ನು ಕೂಡಲೇ ಯಾರಿಗೂ ಕೊಡಬೇಡಿ, ಎರಡು ವಾರ ಹಾಗೇ ಇರಲಿ. ಯಾವುದೋ ಆಪ್, ಯಾವುದೋ ಫೋಟೋ ಅದರಲ್ಲೇ ಉಳಿದದ್ದು ಆಗ ನೆನಪಾಗುತ್ತದೆ. ಕೊಡುವ ದಿನ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್. ಅಕೌಂಟ್ ತೆಗೆಯದೆ ಅಳಿಸಿಬಿಟ್ಟರೆ ತಗೊಂಡವರು ಆನ್ ಮಾಡುವಾಗ ಅದು ನಿಮ್ಮ ಪಾಸ್‌ವರ್ಡ್ ಕೇಳಬಹುದು, ಅವರು ಮತ್ತೆ ನಿಮ್ಮ ಮನೆ ತನಕ ಬರಬೇಕಾಗುತ್ತದೆ. ಸಿಮ್ ಜೊತೆಗೆ ಮೆಮೊರಿ ಕಾರ್ಡನ್ನೂ ತೆಗೆದಿರಾ ಅಂತ ಇನ್ನೊಂದು ಸಲ ಟ್ರೇ ಎಳೆದು ನೋಡಿ, ಆಮೇಲೆ ಕೊಡಿ.